ಮನಸ್ಸು ಕುಗ್ಗಿದಾಗ ಪರಮಪ್ರಸಾದ: ಮುಂಬಯಿಯ ಕನ್ನಡ ಕಥೋಲಿಕರಿಗೆ ಒಂದು ಮಾರ್ಗದರ್ಶಿ

ಮನಸ್ಸು ಕುಗ್ಗಿದವರು ಮೊದಲು ಬಿಡುವುದು ಬಲಿಪೂಜೆಯನ್ನೇ, ಅಂದರೆ ಚರ್ಚಿನ ಮಾಸ್ ಅನ್ನೇ. ಕೆಲಸ ಹೋಗಿರುತ್ತದೆ, ಊರಿನ ಸಾಲ ತಲೆಯ ಮೇಲಿರುತ್ತದೆ, ಮನೆಯೊಳಗೆ ಮಾತು ನಿಂತಿರುತ್ತದೆ, ಇಲ್ಲವೇ ಹೇಳಿಕೊಳ್ಳಲು ಕಾರಣವೇ ಇಲ್ಲದ ಬೇಸರ. ‘ಈ ಮನಸ್ಸಿಟ್ಟುಕೊಂಡು ಪೂಜೆಗೆ ಹೋಗಿ ಏನು ಮಾಡಲಿ, ಸ್ವಲ್ಪ ಸರಿಹೋಗಲಿ’ ಎಂದು ಒಂದು ಭಾನುವಾರ ತಪ್ಪುತ್ತದೆ. ಆಮೇಲೆ ಇನ್ನೊಂದು. ಮೂರನೆಯ ವಾರಕ್ಕೆ ಹೋಗಲು ನಾಚಿಕೆಯೂ ಸೇರಿಕೊಳ್ಳುತ್ತದೆ.

ಈ ಲೆಕ್ಕ ತಲೆಕೆಳಗಾಗಿದೆ. ಬಲಿಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಸ್ವೀಕರಿಸುವ ಪರಮಪ್ರಸಾದ ಇರುವುದೇ ಬಲ ಕಳೆದುಕೊಂಡವರಿಗಾಗಿ. 1905ರಲ್ಲಿ ಪೋಪ್ ಹತ್ತನೆಯ ಪಿಯುಸ್ ಅವರ ಕಾಲದ ಆಜ್ಞೆ, ಕೃಪೆಯ ಸ್ಥಿತಿಯಲ್ಲಿದ್ದು (ದೊಡ್ಡ ಪಾಪದ ಹೊರೆಯಿಲ್ಲದೆ) ಸರಿಯಾದ ಉದ್ದೇಶವಿರುವ ಯಾರೇ ಆಗಲಿ ದಿನವೂ ಪರಮಪ್ರಸಾದ ಸ್ವೀಕರಿಸಬಹುದೆಂದು ಸ್ಪಷ್ಟಪಡಿಸಿತು. ಉತ್ಸಾಹ ಇರಬೇಕು, ಕಣ್ಣಲ್ಲಿ ನೀರು ಬರಬೇಕು ಎಂಬ ಷರತ್ತು ಅದರಲ್ಲಿಲ್ಲ. 2013ರಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಇದು ದುರ್ಬಲರಿಗೆ ಔಷಧ, ಆಹಾರ ಎಂದೇ ಬರೆದರು.

ಬೈಬಲಿನಲ್ಲಿ ಇದಕ್ಕೆ ಒಂದು ಪ್ರಸಂಗವಿದೆ, 1 ಅರಸುಗಳು 19ನೇ ಅಧ್ಯಾಯ. ಪ್ರವಾದಿ ಎಲೀಯ ಮರುಭೂಮಿಯ ಒಂದು ಗಿಡದ ಕೆಳಗೆ ಕೂತು ‘ಸಾಕು ಪ್ರಭುವೇ, ನನ್ನ ಪ್ರಾಣ ತೆಗೆದುಬಿಡಿ’ ಎನ್ನುತ್ತಾನೆ. ದೇವದೂತ ಅವನಿಗೆ ಬೈಯುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಎದ್ದು ಊಟಮಾಡು ಎನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ! ದೂತ ಎರಡನೆಯ ಸಲ ಎಬ್ಬಿಸಿ ತಿನ್ನಿಸುತ್ತಾನೆ. ಆಮೇಲೆ ಅವನು ಆ ಊಟದ ಬಲದಿಂದ ನಲವತ್ತು ಹಗಲು, ನಲವತ್ತು ರಾತ್ರಿ ನಡೆಯುತ್ತಾನೆ. ಒಮ್ಮೆ ಸ್ವೀಕರಿಸಿ ಬಂದು ‘ಏನೂ ಆಗಲಿಲ್ಲ’ ಎನ್ನುವವರು ಆ ಎರಡನೆಯ ಊಟವನ್ನು ನೆನಪಿಡಬೇಕು.

ಮೊದಲು, ಕುಗ್ಗಿರುವುದು ಏನು ಎಂದು ನೋಡಿಕೊಳ್ಳಿ

ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ, ಇಷ್ಟವಾಗುತ್ತಿದ್ದ ಯಾವುದೂ ಬೇಡವಾಗಿದ್ದರೆ ಅದು ಖಿನ್ನತೆಯ ಕಾಯಿಲೆ ಇರಬಹುದು. ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯುವ ಮಾತೇ ಇಲ್ಲ: ಒಬ್ಬರೇ ಇರಬೇಡಿ, ನಂಬಿಕೆಯವರಿಗೆ ಇವತ್ತೇ ಹೇಳಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಅದು ಉಚಿತ, ಕನ್ನಡದಲ್ಲೂ ಮಾತನಾಡಬಹುದು. ‘ವಿಶ್ವಾಸ ಕಡಿಮೆಯಾದದ್ದಕ್ಕೇ ಹೀಗೆ’ ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಔಷಧ ಮತ್ತು ಪರಮಪ್ರಸಾದ ಒಂದರ ಜಾಗದಲ್ಲಿ ಇನ್ನೊಂದಲ್ಲ, ಎರಡನ್ನೂ ತೆಗೆದುಕೊಳ್ಳಿ.

ಕೆಲವರದು ಬರೀ ದಣಿವು. ವಿರಾರಿನಿಂದ ಚರ್ಚ್‌ಗೇಟಿಗೆ ನಿಂತೇ ಹೋಗಿ ಬಂದು, ಹೋಟೆಲ್ಲಿನ ರಾತ್ರಿ ಪಾಳಿ ಮುಗಿಸಿದವರು ಪೂಜೆಯಲ್ಲಿ ತೂಕಡಿಸಿದರೆ ಅದು ಭಕ್ತಿಯ ಕೊರತೆಯಲ್ಲ. ಎಲೀಯನೂ ಊಟಕ್ಕೆ ಮೊದಲು ಮಲಗಿದ್ದ.

ಮೂರನೆಯದು, ಎಲ್ಲ ಸರಿಯಿದ್ದೂ ಪ್ರಾರ್ಥನೆ ಮಾತ್ರ ಒಣಗಿಹೋಗಿರುವುದು. ಕಲ್ಕತ್ತೆಯ ಮದರ್ ತೆರೇಸಾ ದಶಕಗಳ ಕಾಲ ಒಳಗೆ ಕತ್ತಲೆಯನ್ನೇ ಅನುಭವಿಸಿದರೆಂದು 1997ರಲ್ಲಿ ಅವರು ತೀರಿಕೊಂಡ ಮೇಲೆ ಬೆಳಕಿಗೆ ಬಂದ ಪತ್ರಗಳು ಹೇಳುತ್ತವೆ. ಅಷ್ಟೂ ಕಾಲ ಅವರು ದಿನದ ಬಲಿಪೂಜೆ ಬಿಡಲಿಲ್ಲ. 1973ರಿಂದ ಅವರ ಸಂನ್ಯಾಸಿನಿಯರ ಸಭೆಯಲ್ಲಿ ದಿನಕ್ಕೊಂದು ಗಂಟೆ ಆರಾಧನೆಯೂ, ಅಂದರೆ ಪರಮಪ್ರಸಾದದ ಮುಂದೆ ಕೂತು ಪ್ರಾರ್ಥಿಸುವುದೂ, ಸೇರಿತು. ಅನುಭವ ಇಲ್ಲದಿದ್ದರೂ ಆಹಾರ ಒಳಗೆ ಹೋಗಿ ಕೆಲಸಮಾಡುತ್ತದೆ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಯಾವ ಚರ್ಚು, ಯಾವ ಹೊತ್ತು

ಹೆಸರಾಂತ ಚರ್ಚನ್ನು ಹುಡುಕಬೇಡಿ, ದಾರಿಯಲ್ಲಿ ಸಿಗುವ ಚರ್ಚನ್ನು ಹಿಡಿಯಿರಿ. ಮಾಹಿಮಿನ ಸಂತ ಮೈಕಲರ ಚರ್ಚು, ಬೈಕುಲದ ಗ್ಲೋರಿಯಾ ಚರ್ಚು, ದಾದರಿನ ಪೋರ್ಚುಗೀಸ್ ಚರ್ಚು ರೈಲಿಳಿದು ನಡೆದೇ ಹೋಗುವಷ್ಟು ದೂರದಲ್ಲಿವೆ. ಸಾಮಾನ್ಯವಾಗಿ ವಾರದ ದಿನಗಳಲ್ಲಿ ಬೆಳಗ್ಗೆ ಆರೂವರೆ, ಏಳರ ಸುಮಾರಿಗೆ ಒಂದು ಪೂಜೆ, ಹಲವೆಡೆ ಸಂಜೆ ಏಳರ ಹೊತ್ತಿಗೆ ಇನ್ನೊಂದು ಇರುತ್ತದೆ. ಮೇ ತಿಂಗಳಲ್ಲಿ, ಹಬ್ಬದ ವಾರದಲ್ಲಿ ವೇಳೆ ಬದಲಾಗಬಹುದು, ಆದ್ದರಿಂದ ಬಾಗಿಲ ಬಳಿಯ ಸೂಚನಾಫಲಕದ ಫೋಟೋ ತೆಗೆದಿಟ್ಟುಕೊಳ್ಳಿ.

ಎಷ್ಟು ಸಲ? ಭಾನುವಾರದ ಜೊತೆಗೆ ವಾರದಲ್ಲಿ ಒಂದೇ ಒಂದು ದಿನ, ಅದೂ ಗೊತ್ತುಮಾಡಿದ ದಿನ. ಕುಗ್ಗಿದ ಮನಸ್ಸು ಒಮ್ಮೆಲೇ ‘ತಿಂಗಳು ಪೂರ್ತಿ ದಿನಾ ಹೋಗುತ್ತೇನೆ’ ಎಂದು ಹರಕೆ ಹೊತ್ತು, ಕೆಲವೇ ದಿನದಲ್ಲಿ ತಪ್ಪಿ, ಇನ್ನಷ್ಟು ಕುಗ್ಗುತ್ತದೆ. ಒಂದು ದಿನವನ್ನು ಎರಡು ತಿಂಗಳು ಉಳಿಸಿಕೊಂಡ ಮೇಲೆ ಎರಡನೆಯದನ್ನು ಸೇರಿಸಿ. ಭಾನುವಾರ ಪಾಳಿ ಇರುವವರಿಗೆ ಶನಿವಾರ ಸಂಜೆಯ ಪೂಜೆ ಭಾನುವಾರದ ಕರ್ತವ್ಯವನ್ನು ಪೂರೈಸುತ್ತದೆ.

ಮಾಹಿಮಿನ ಬುಧವಾರದ ನೊವೆನಾಕ್ಕೆ (ಮಾತೆ ಮರಿಯಳಿಗೆ ಸಲ್ಲಿಸುವ ಸರಣಿ ಪ್ರಾರ್ಥನೆ) ಹೋಗುವವರು ಬಹಳ. ಹೋಗಿ, ಒಳ್ಳೆಯದು. ಆದರೆ ನೊವೆನಾ ಮುಗಿಸಿ ಪೂಜೆಗೆ ನಿಲ್ಲದೆ ಹೊರಟರೆ ಊಟದ ಮನೆಗೆ ಬಂದು ಎಲೆ ಹಾಕುವ ಮೊದಲೇ ಎದ್ದಂತೆ.

ಭಾಷೆಯ ತೊಡಕು ನಿಜವಾದದ್ದು. ಇಲ್ಲಿನ ಪೂಜೆಗಳು ಹೆಚ್ಚಾಗಿ ಇಂಗ್ಲಿಷ್, ಕೊಂಕಣಿ, ಮರಾಠಿ, ಹಿಂದಿಯಲ್ಲಿ ನಡೆಯುತ್ತವೆ. ಹುಬ್ಬಳ್ಳಿ, ಬಳ್ಳಾರಿ, ಮೈಸೂರು ಕಡೆಯಿಂದ ಬಂದವರಿಗೆ ದುಃಖದ ದಿನದಲ್ಲಿ ಪರಭಾಷೆಯ ಪ್ರಾರ್ಥನೆ ಇನ್ನಷ್ಟು ದೂರ ಅನಿಸುತ್ತದೆ. ಪರಿಹಾರ ಸರಳ: ಲತೀನ್ ವಿಧಿಯ (ರೋಮಿನ ಪೂಜಾಕ್ರಮದ) ಚರ್ಚುಗಳಲ್ಲಿ ದಿನದ ವಾಚನಗಳು ಸಾಮಾನ್ಯವಾಗಿ ಎಲ್ಲೆಡೆ ಒಂದೇ. ಅಂದಿನ ಅಧ್ಯಾಯ, ವಚನಗಳನ್ನು ನೋಡಿಕೊಂಡು ರೈಲಿನಲ್ಲೇ ಕನ್ನಡ ಬೈಬಲಿನಲ್ಲಿ ಓದಿಬಿಡಿ. ಪೂಜೆಯ ಉತ್ತರಗಳನ್ನು ಮನಸ್ಸಿನಲ್ಲಿ ಕನ್ನಡದಲ್ಲೇ ಹೇಳಿದರೆ ತಪ್ಪೇನಿಲ್ಲ.

ಅಡ್ಡ ಇರುವುದನ್ನು ತೆಗೆಯುವುದು

ದೊಡ್ಡ ಪಾಪದ ಅರಿವಿದ್ದರೆ ಪರಮಪ್ರಸಾದಕ್ಕೆ ಮೊದಲು ಪಾಪನಿವೇದನೆ, ಅಂದರೆ ಗುರುಗಳ ಬಳಿ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದು, ಬೇಕು. ಆದರೆ ಕುಗ್ಗಿದವರು ಮಾಡುವ ತಪ್ಪು ಬೇರೆಯೇ: ಪ್ರತಿಯೊಂದು ಸಣ್ಣ ಲೋಪವನ್ನೂ ದೊಡ್ಡದೆಂದು ಎಣಿಸಿ ದೂರ ಉಳಿಯುವುದು. ಸಿಡುಕಿದ್ದು, ಪ್ರಾರ್ಥನೆ ಮರೆತದ್ದು, ಮನಸ್ಸು ಅಲೆದದ್ದು ಪರಮಪ್ರಸಾದಕ್ಕೆ ಅಡ್ಡಿಯಲ್ಲ. ಇಂಥ ಲಘುಪಾಪಗಳನ್ನು ಪರಮಪ್ರಸಾದವೇ ತೊಳೆಯುತ್ತದೆಂದು ಧರ್ಮಸಭೆ ಕಲಿಸುತ್ತದೆ. ಬೇಸರವಾಗುವುದು, ಅಳು ಬರುವುದು ಪಾಪವೇ ಅಲ್ಲ.

ಪಾಪನಿವೇದನೆ ಮಾಡಿ ವರ್ಷಗಳಾಗಿದ್ದರೆ ಶನಿವಾರ ಸಂಜೆಯ ಪೂಜೆಗೆ ಅರ್ಧ ಗಂಟೆ ಮುಂಚೆ ಹೋಗಿ, ಅಥವಾ ಫೋನ್ ಮಾಡಿ ಬೇರೆ ಸಮಯ ಕೇಳಿ. ‘ಫಾದರ್, ತುಂಬ ವರ್ಷವಾಯಿತು, ಹೇಗೆ ಹೇಳುವುದೆಂದು ಗೊತ್ತಿಲ್ಲ, ಸಹಾಯ ಮಾಡಿ’ ಎಂದರೆ ಸಾಕು, ಅವರು ಕೇಳುತ್ತ ಹೋಗುತ್ತಾರೆ. ದೊಡ್ಡ ಪಾಪ ಯಾವುದು, ಸುಮಾರು ಎಷ್ಟು ಸಲ, ಇಷ್ಟನ್ನೇ ಹೇಳಿ; ಪೂರ್ತಿ ಕಥೆ ಬೇಕಾಗಿಲ್ಲ. ಕನ್ನಡ ಬಲ್ಲ ಗುರುಗಳು ಯಾರಿದ್ದಾರೆಂದು ಕಚೇರಿಯಲ್ಲಿ ವಿಚಾರಿಸಲು ಸಂಕೋಚ ಬೇಡ. ಫೋನಿನಲ್ಲಿ, ವಾಟ್ಸಾಪಿನಲ್ಲಿ ಪಾಪಕ್ಷಮೆ ಕೊಡಲು ಬರುವುದಿಲ್ಲ.

ಮುಂಬಯಿಗೆ ದುಡಿಯಲು ಬಂದವರಲ್ಲಿ ಇನ್ನೊಂದು ಅಡ್ಡಿ ಇರುತ್ತದೆ: ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾತ್ರ ಆಗಿರುವುದು. ಅಂಥವರು ಪರಮಪ್ರಸಾದ ಸ್ವೀಕರಿಸಲಾಗದೆ ಚರ್ಚಿನ ಹಿಂದಿನ ಬೆಂಚಿನಲ್ಲೇ ವರ್ಷಗಟ್ಟಲೆ ಕೂತುಬಿಡುತ್ತಾರೆ. ಇಬ್ಬರಿಗೂ ಬೇರೆ ಮದುವೆಯ ಬಂಧನ ಇಲ್ಲದಿದ್ದರೆ ಇದನ್ನು ಚರ್ಚಿನಲ್ಲಿ ಸರಿಪಡಿಸಲು ಸಾಮಾನ್ಯವಾಗಿ ಕಷ್ಟವಿಲ್ಲ. ಊರಿನ ಧರ್ಮಕೇಂದ್ರದಿಂದ (ಪ್ಯಾರಿಷ್) ಹೊಸದಾಗಿ ತೆಗೆಸಿದ ಜ್ಞಾನಸ್ನಾನದ ಪತ್ರ ಬೇಕು. ಹಳೆಯ ಪ್ರತಿ ನಡೆಯುವುದಿಲ್ಲ, ಆರು ತಿಂಗಳೊಳಗಿನದನ್ನು ಕೇಳುತ್ತಾರೆ. ಚರ್ಚಿನಲ್ಲಿ ಬೇರೆ ಮದುವೆ ಆಗಿಲ್ಲವೆಂಬ ಪತ್ರ, ರಿಜಿಸ್ಟ್ರಾರ್ ಕೊಟ್ಟ ಪತ್ರ ಜೊತೆಗಿರಲಿ. ಮೊದಲು ಧರ್ಮಕೇಂದ್ರದ ಗುರುಗಳೊಂದಿಗೆ ಕೂತು ಮಾತಾಡಿ. ಇದಕ್ಕೆ ಕೆಲವು ವಾರ ಹಿಡಿದರೂ ಮುಂದಿನ ಎಲ್ಲ ಭಾನುವಾರಗಳೂ ತೆರೆದುಕೊಳ್ಳುತ್ತವೆ. ಮೊದಲಿನ ಮದುವೆಯ ತೊಡಕಿದ್ದರೆ ಹಾದಿ ಉದ್ದ, ಆದರೆ ಆಗಲೂ ಪೂಜೆಗೆ, ಆರಾಧನೆಗೆ ಬರುವುದನ್ನು ಯಾರೂ ತಡೆಯಲಾರರು.

ಬಾಡಿಗೆ ಕೋಣೆಯಲ್ಲಿರುವವರು ‘ನಾವು ಇಲ್ಲಿಯ ಚರ್ಚಿನವರಲ್ಲ’ ಎಂದುಕೊಳ್ಳುತ್ತಾರೆ. ವಾಸ ಇರುವ ಜಾಗದ ಧರ್ಮಕೇಂದ್ರವೇ ನಿಮ್ಮದು. ಕಚೇರಿಗೆ ಹೋಗಿ ಹೆಸರು ಬರೆಸಿ. ಕಾಯಿಲೆ ಬಿದ್ದಾಗ ಮನೆಗೆ ಪರಮಪ್ರಸಾದ ಬರಬೇಕಾದರೆ ವಿಳಾಸ ಅವರಲ್ಲಿರಬೇಕು.

ಹಿಂದಿನ ರಾತ್ರಿಯಿಂದ

ಪರಮಪ್ರಸಾದ ಸ್ವೀಕರಿಸುವ ಒಂದು ಗಂಟೆ ಮುಂಚಿನಿಂದ ತಿನ್ನಬಾರದು, ಚಹಾ ಕುಡಿಯಬಾರದು. ನೀರು ಮತ್ತು ಔಷಧಕ್ಕೆ ತಡೆಯಿಲ್ಲ. ಈ ಗಂಟೆ ಲೆಕ್ಕವಾಗುವುದು ಸ್ವೀಕರಿಸುವ ಕ್ಷಣದಿಂದ ಹಿಂದಕ್ಕೆ, ಪೂಜೆಯ ಆರಂಭದಿಂದಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರ ಆರೈಕೆಯವರಿಗೆ ಈ ನಿಯಮದಿಂದ ವಿನಾಯಿತಿ ಇದೆ. ಖಾಲಿ ಹೊಟ್ಟೆಯಲ್ಲಿ ಮಾತ್ರೆ ತೆಗೆದುಕೊಳ್ಳಬಾರದವರು ಬೆಳಗಿನ ಪೂಜೆಗಿಂತ ಸಂಜೆಯದನ್ನು ಆರಿಸಿಕೊಂಡರೆ ಹಗುರ.

ರಾತ್ರಿ ಮಲಗುವ ಮುಂಚೆ ಒಂದು ಚೀಟಿಯಲ್ಲಿ ನಿಮ್ಮನ್ನು ಕುಗ್ಗಿಸಿರುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಎಲ್ಲವೂ ಕೆಟ್ಟಿದೆ’ ಎಂದು ಬರೆದರೆ ಉಪಯೋಗವಿಲ್ಲ. ‘ಅಣ್ಣ ನನ್ನೊಂದಿಗೆ ಮಾತಾಡುತ್ತಿಲ್ಲ’, ‘ಮುಂದಿನ ತಿಂಗಳ ಬಾಡಿಗೆಗೆ ಹಣವಿಲ್ಲ’ ಹೀಗೆ ಇರಲಿ. ಈ ವಾಕ್ಯ ನಾಳೆ ಕಾಣಿಕೆಯ ಹೊತ್ತಿಗೆ ಬೇಕಾಗುತ್ತದೆ.

ಪೂಜೆಯೊಳಗೆ

ಪೂರ್ತಿ ಪೂಜೆಯಲ್ಲಿ ಗಮನ ಇಡಲು ಪ್ರಯತ್ನಿಸಬೇಡಿ, ಸೋಲುತ್ತೀರಿ. ಹಿಡಿದುಕೊಳ್ಳಲು ನಾಲ್ಕು ಜಾಗ ಸಾಕು.

ಆರಂಭದಲ್ಲಿ ಪ್ರಭುವಿನ ದಯೆ ಬೇಡುವಾಗ ನಿಮ್ಮ ತಪ್ಪುಗಳ ಪಟ್ಟಿ ತೆಗೆಯಬೇಡಿ. ಆ ಬೇಡಿಕೆ ಯೇಸು ಹೋಗುವ ದಾರಿಯಲ್ಲಿ ಕುರುಡ ಬಾರ್ತಿಮಾಯ ಕೂಗಿದ್ದೇ. ಅವನು ವಿವರಣೆ ಕೊಡಲಿಲ್ಲ, ಕೂಗಿದ.

ಎರಡನೆಯದು ಕಾಣಿಕೆ, ಮನಸ್ಸು ಕುಗ್ಗಿದವರಿಗೆ ಎಲ್ಲಕ್ಕಿಂತ ಮುಖ್ಯವಾದ ಘಳಿಗೆ. ಜನ ಈ ಹೊತ್ತಿನಲ್ಲಿ ಚಿಲ್ಲರೆ ಹುಡುಕುತ್ತಿರುತ್ತಾರೆ. ಹಣವನ್ನು ಮೊದಲೇ ಕೈಯಲ್ಲಿ ಇಟ್ಟುಕೊಂಡು ಪೀಠವನ್ನು ನೋಡಿ. ಗುರುಗಳು ದ್ರಾಕ್ಷಾರಸಕ್ಕೆ ಒಂದಿಷ್ಟೇ ನೀರು ಬೆರೆಸುತ್ತಾರೆ. ಬೆರೆತ ನೀರನ್ನು ಮತ್ತೆ ಬೇರೆಮಾಡಲಾಗದು. ಚೀಟಿಯ ಆ ವಾಕ್ಯವನ್ನು ಆ ನೀರಿನೊಂದಿಗೆ ಮನಸ್ಸಿನಲ್ಲೇ ಒಪ್ಪಿಸಿ. ವಿಯೆಟ್ನಾಮಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ತುವಾನ್ 1975ರಲ್ಲಿ ಬಂಧಿತರಾಗಿ 13 ವರ್ಷ ಸೆರೆಯಲ್ಲಿದ್ದರು, ಅದರಲ್ಲಿ ಒಂಬತ್ತು ವರ್ಷ ಒಂಟಿಯಾಗಿ. ಹೊಟ್ಟೆನೋವಿನ ಔಷಧವೆಂದು ತರಿಸಿಕೊಂಡ ದ್ರಾಕ್ಷಾರಸದ ಮೂರು ಹನಿ, ನೀರಿನ ಒಂದು ಹನಿಯನ್ನು ಅಂಗೈಯಲ್ಲೇ ಹಿಡಿದು ಬಲಿಪೂಜೆ ಅರ್ಪಿಸುತ್ತಿದ್ದರು. ಅರ್ಪಿಸಲು ನಿಮ್ಮಲ್ಲಿ ಒಂದು ಹನಿಯಷ್ಟೇ ಇದೆ ಅನಿಸಿದರೆ ಅದೂ ಸಾಕಾಗುತ್ತದೆ.

ಮೂರನೆಯದು, ರೊಟ್ಟಿಯನ್ನು ಎತ್ತಿ ತೋರುವ ಕ್ಷಣ. ಯೇಸುಸ್ವಾಮಿ ಈ ರೊಟ್ಟಿಯನ್ನು ಕೊಟ್ಟದ್ದು ತಮ್ಮನ್ನು ಹಿಡಿದುಕೊಟ್ಟ ರಾತ್ರಿಯೇ ಎಂದು ಸಂತ ಪೌಲ ಕೊರಿಂಥದವರಿಗೆ ಬರೆಯುತ್ತಾನೆ. ಜೊತೆಗೆ ಊಟಕ್ಕೆ ಕೂತವರಲ್ಲಿ ಒಬ್ಬ ಮಾರಿದ, ಒಬ್ಬ ತನಗೆ ಗೊತ್ತೇ ಇಲ್ಲವೆಂದ, ಮಿಕ್ಕವರು ಓಡಿದರು. ಎಲ್ಲ ಮುರಿದುಬೀಳುವ ರಾತ್ರಿಯಲ್ಲೇ ಕೃತಜ್ಞತೆ ಹೇಳಿ ಮುರಿದ ರೊಟ್ಟಿ ಇದು. ಸಂತ ತೋಮಸ್ ಹೇಳಿದ ‘ನನ್ನ ಪ್ರಭುವೇ, ನನ್ನ ದೇವರೇ’ ಎಂಬಷ್ಟನ್ನು ಹೇಳಿ.

ಕೊನೆಯದು, ಸ್ವೀಕರಿಸುವುದು. ಕೈಯಲ್ಲಾದರೆ ಬಲಗೈ ಕೆಳಗೆ, ಎಡಗೈ ಮೇಲೆ. ‘ಆಮೆನ್’ ಎಂದು ಅಲ್ಲೇ ಬಾಯಿಗೆ ಹಾಕಿಕೊಳ್ಳಿ. ಕುಡಿತ ಬಿಡುತ್ತಿರುವವರಿಗೆ ಒಂದು ಮಾತು: ಕೆಲವೆಡೆ ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡುತ್ತಾರೆ. ಮುಂಚಿತವಾಗಿ ಗುರುಗಳಿಗೆ ತಿಳಿಸಿ ಬರೀ ರೊಟ್ಟಿಯನ್ನು ಸ್ವೀಕರಿಸಿ. ರೊಟ್ಟಿಯೊಂದರಲ್ಲೇ ಕ್ರಿಸ್ತರು ಪೂರ್ಣವಾಗಿದ್ದಾರೆ, ಏನೂ ಕಡಿಮೆಯಾಗುವುದಿಲ್ಲ. ಗೋಧಿ ಆಗದವರೂ ಹೀಗೆಯೇ ಮೊದಲೇ ಹೇಳಿದರೆ ದ್ರಾಕ್ಷಾರಸ ಮಾತ್ರ ಸ್ವೀಕರಿಸುವ ಏರ್ಪಾಡು ಮಾಡಬಹುದು.

ಸ್ವೀಕರಿಸಿದ ಮೇಲಿನ ಹತ್ತು ನಿಮಿಷ

ಹೆಚ್ಚಿನವರು ಕಳೆದುಕೊಳ್ಳುವುದು ಇಲ್ಲಿ. ಅಂತಿಮ ಆಶೀರ್ವಾದಕ್ಕೆ ಮೊದಲೇ ರಿಕ್ಷಾ ಹಿಡಿಯಲು ಹೊರಗೆ ಬರುತ್ತಾರೆ. ರೊಟ್ಟಿಯ ರೂಪ ಉಳಿದಿರುವಷ್ಟು ಹೊತ್ತು ಕ್ರಿಸ್ತರ ಆ ಸಾನ್ನಿಧ್ಯ ನಿಮ್ಮೊಳಗಿರುತ್ತದೆ. ಹತ್ತು, ಹದಿನೈದು ನಿಮಿಷ ಕೂರುವ ಹಳೆಯ ರೂಢಿ ಅದಕ್ಕಾಗಿಯೇ ಬಂದದ್ದು. ಒಂದು ರೈಲು ತಪ್ಪಲಿ, ಮುಂದಿನದು ಬರುತ್ತದೆ.

ಏನು ಹೇಳಬೇಕೆಂದು ತೋಚದಿದ್ದರೆ ಬೈಬಲಿನ ಕೀರ್ತನೆ 23ನ್ನು ನಿಧಾನವಾಗಿ ಹೇಳಿ; ಕಾರ್ಗತ್ತಲ ಕಣಿವೆಯೂ ಸಿದ್ಧವಾದ ಊಟವೂ ಅದೊಂದರಲ್ಲೇ ಇವೆ. ನಂತರ ಒಂದು ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಿ: ಇವತ್ತು ರಾತ್ರಿಯೊಳಗೆ ನಾನು ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದು? ಒಂದು ಫೋನ್ ಕರೆ, ಒಂದು ಅರ್ಜಿ, ಪಕ್ಕದ ಮನೆಯ ಅಜ್ಜಿಗೆ ತರಕಾರಿ ತಂದುಕೊಡುವುದು. ಯೇಸು ಶಿಲುಬೆಯಲ್ಲಿ ಸತ್ತ ಮೇಲೆ ಎಮ್ಮಾವುಸ್ ಎಂಬ ಊರಿನ ದಾರಿಯಲ್ಲಿ ಮುಖ ಬಾಡಿಸಿಕೊಂಡು ಸುಮಾರು ಹನ್ನೊಂದು ಕಿಲೋಮೀಟರ್ ನಡೆದ ಇಬ್ಬರು ಶಿಷ್ಯರು, ರೊಟ್ಟಿ ಮುರಿದಾಗ ಪ್ರಭುವನ್ನು ಗುರುತಿಸಿ, ಅದೇ ರಾತ್ರಿ ಅಷ್ಟೇ ದೂರ ಜೆರುಸಲೇಮಿಗೆ ಹಿಂತಿರುಗಿದರು.

ಆರಾಧನೆ

ತಿಂಗಳ ಮೊದಲ ಶುಕ್ರವಾರ, ಕೆಲವೆಡೆ ಗುರುವಾರ ಸಂಜೆ, ಚರ್ಚಿನಲ್ಲಿ ಪರಮಪ್ರಸಾದದ ಆರಾಧನೆ ಇರುತ್ತದೆ. ಇಪ್ಪತ್ತು ನಿಮಿಷದಿಂದ ಆರಂಭಿಸಿ. ಫೋನ್ ಆಫ್ ಇರಲಿ. ಮೊದಲು ಸುಮ್ಮನೆ ಕೂತು ಉಸಿರು ನಿಧಾನವಾಗಲು ಬಿಡಿ. ನಂತರ ಕೀರ್ತನೆ 13 ಅಥವಾ 42. ತೀರಾ ಕತ್ತಲೆಯ ದಿನಕ್ಕೆ 88. ಅದು ಕೊನೆಯ ಸಾಲಿನವರೆಗೂ ಕತ್ತಲೆಯಲ್ಲೇ ಇದೆ, ಆದರೂ ಪ್ರಾರ್ಥನೆಯೇ. ಉಳಿದ ಹೊತ್ತು ನಿಮ್ಮಂತೆಯೇ ಕುಗ್ಗಿರುವ ಮೂರು ಜನರ ಹೆಸರು ಹೇಳಿ. ನಿದ್ದೆ ಬಂದರೆ ಹೆದರಬೇಡಿ. ಹಿಡಿದುಕೊಟ್ಟ ರಾತ್ರಿ ಗೆತ್ಸೆಮನೆ ತೋಟದಲ್ಲಿ ನಿದ್ದೆ ಹೋದವರನ್ನು ಯೇಸು ಶಿಷ್ಯರಾಗಿಯೇ ಉಳಿಸಿಕೊಂಡರು.

ಮನಸ್ಸು ಕುಗ್ಗಿದಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬೇಡಿ ಎಂಬುದು ಲೊಯೋಲದ ಸಂತ ಇಗ್ನಾಸಿಯವರ ನಿಯಮ. ಕೆಲಸ ಬಿಡುವುದು, ಸಂಬಂಧ ಮುರಿಯುವುದು, ಮಾಡಿಕೊಂಡ ಪ್ರಾರ್ಥನೆಯ ಕ್ರಮವನ್ನು ಕೈಬಿಡುವುದು, ಇವನ್ನು ಆ ದಿನಗಳಲ್ಲಿ ಮುಟ್ಟಬೇಡಿ. ಬದಲಾಗಿ ಪ್ರಾರ್ಥನೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ ಎನ್ನುತ್ತಾರೆ ಅವರು. ಇಪ್ಪತ್ತು ನಿಮಿಷ ಅಸಾಧ್ಯ ಅನಿಸಿದ ದಿನ ಇಪ್ಪತ್ತೊಂದನೆಯ ನಿಮಿಷದವರೆಗೆ ಕೂತು ಏಳಿ.

ಹೋಗಲಾಗದ ದಿನ

ಪಾಳಿ ಬದಲಾಗುತ್ತದೆ, ಮಳೆಗೆ ರೈಲು ನಿಲ್ಲುತ್ತದೆ. ಅಂದು ಆತ್ಮಿಕ ಸ್ವೀಕಾರ, ಅಂದರೆ ಮನಸ್ಸಿನಲ್ಲೇ ಬಯಸಿ ಸ್ವೀಕರಿಸುವುದನ್ನು, ಮಾಡಬಹುದು. ಹದಿನೆಂಟನೆಯ ಶತಮಾನದ ಸಂತ ಅಲ್ಫೋನ್ಸರು ಇದಕ್ಕಾಗಿ ಬರೆದ ಪ್ರಾರ್ಥನೆಯ ಸಾರ ಇಷ್ಟು: ‘ಯೇಸುವೇ, ಪರಮಪ್ರಸಾದದಲ್ಲಿ ನೀವು ಇದ್ದೀರೆಂದು ನಂಬುತ್ತೇನೆ. ಈಗ ಸ್ವೀಕರಿಸಲು ಆಗುತ್ತಿಲ್ಲ. ನನ್ನ ಹೃದಯಕ್ಕೆ ಬನ್ನಿ. ನಿಮ್ಮಿಂದ ನಾನು ಅಗಲದಂತೆ ನೋಡಿಕೊಳ್ಳಿ.’ ಚರ್ಚ್‌ಗೇಟಿನಿಂದ ಫೋರ್ಟಿಗೆ ನಡೆಯುವವರು ಓವಲ್ ಮೈದಾನ ದಾಟುವಾಗ ಇದನ್ನು ಹೇಳಿಕೊಳ್ಳಬಹುದು. 1964ರಲ್ಲಿ 38ನೆಯ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನ ಅಲ್ಲಿ ನಡೆಯಿತು. ಪೋಪ್ ಆರನೆಯ ಪೌಲರು ಅದಕ್ಕೆಂದೇ ಭಾರತಕ್ಕೆ ಬಂದರು.

ತಿಂಗಳುಗಟ್ಟಲೆ ಹೋಗಲಾಗದ ಹಡಗಿನ ಕೆಲಸದವರು, ಗಲ್ಫಿನಲ್ಲಿರುವವರು ಸಂತ ಜೋಸೆಫ್ ವಾಜರನ್ನು ನೆನೆಯಬೇಕು. ಗೋವಾದ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಇವರು ಕೆಲಕಾಲ ನಮ್ಮ ಕರಾವಳಿಯ ಗಂಗೊಳ್ಳಿ, ಕುಂದಾಪುರದ ಕಡೆ ದುಡಿದರು. 1687ರಲ್ಲಿ ವೇಷ ಮರೆಸಿಕೊಂಡು ಶ್ರೀಲಂಕೆಗೆ ಹೋದರು. ಡಚ್ಚರ ಆಡಳಿತದಲ್ಲಿ ಅಲ್ಲಿಯ ಕಥೋಲಿಕರಿಗೆ ವರ್ಷಗಟ್ಟಲೆ ಗುರುಗಳೇ ಇರಲಿಲ್ಲ. ಮನೆಮನೆಯಲ್ಲಿ ಜಪಸರ ಹಿಡಿದು ಉಳಿದಿದ್ದ ಆ ಜನಕ್ಕೆ ಅವರು ರಾತ್ರಿ ಹೊತ್ತು ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು. 2015ರ ಜನವರಿ 14ರಂದು ಕೊಲಂಬೋದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ

ಕಚೇರಿಗೆ ಹೆಸರು, ವಿಳಾಸ, ಕಟ್ಟಡದ ಗುರುತು, ಲಿಫ್ಟ್ ಇದೆಯೇ ಎಂಬುದನ್ನು ಕೊಟ್ಟರೆ ಗುರುಗಳು ಅಥವಾ ಪರಮಪ್ರಸಾದ ತರುವ ಸೇವಕರು ಮನೆಗೇ ಬರುತ್ತಾರೆ. ಹಾಸಿಗೆಯ ಬಳಿ ಸಣ್ಣ ಮೇಜು, ಒಗೆದ ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ, ಒಂದು ಲೋಟ ನೀರು ಸಿದ್ಧವಾಗಿರಲಿ. ಟಿವಿ ಆರಿಸಿ. ನುಂಗಲು ಕಷ್ಟವಿದ್ದರೆ ಬಂದ ಕೂಡಲೇ ಹೇಳಿ: ಸಣ್ಣ ಚೂರನ್ನು ಚಮಚದ ನೀರಿನೊಂದಿಗೆ ಕೊಡಬಹುದು. ಆರೈಕೆ ಮಾಡುವವರೂ ಅಲ್ಲೇ ಸ್ವೀಕರಿಸಬಹುದು, ಎಷ್ಟು ಜನವೆಂದು ಮೊದಲೇ ತಿಳಿಸಿ. ಮನೆಯಲ್ಲಿ ಹೆಚ್ಚು ಕುಗ್ಗುವುದು ಆರೈಕೆ ಮಾಡುವವರೇ, ಅವರನ್ನು ಯಾರೂ ಕೇಳುವುದಿಲ್ಲ.

ಸ್ಥಿತಿ ಬಿಗಡಾಯಿಸುವ ಲಕ್ಷಣ ಕಂಡರೆ ‘ಫಾದರ್ ಬಂದರೆ ರೋಗಿ ಹೆದರುತ್ತಾರೆ’ ಎಂದು ತಡಮಾಡಬೇಡಿ. ಪ್ರಜ್ಞೆ ಇದ್ದು ನುಂಗಲು ಆಗುವಾಗಲೇ ಕರೆಯಿರಿ. ರಾತ್ರಿಯಾಗಿದ್ದು ಕಚೇರಿ ಮುಚ್ಚಿದ್ದರೂ ಗುರುಗಳ ನಿವಾಸದ ಗಂಟೆ ಒತ್ತಬಹುದು.